ನೀರಿಗೂ ಬೆಂಕಿ ಬೀಳುವ ಊರು

1990ರ ದಶಕದಲ್ಲಿ ಬೆಂಗಳೂರಿಗೆ ಒಂದು ದೆವ್ವ ಬಂದಿತ್ತು. ರಾತ್ರಿ ಬಾಗಿಲು ಬಡಿಯುತ್ತಿತ್ತಂತೆ. ಮನೆಯವರದೇ ದನಿಯಲ್ಲಿ ಕರೆಯುತ್ತಿತ್ತಂತೆ. ಬಾಗಿಲು ತೆಗೆದವರ ಕಥೆ ಅಲ್ಲಿಗೆ ಮುಗೀತಂತೆ. ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಬಂದು ಓದಿತು, ವಾಪಸ್ ಹೋಯಿತು. ಮರುದಿನ ಬಂದು ಅದನ್ನೇ ಓದಿತು, ಮತ್ತೆ ಹೋಯಿತು.

ಆ ದೆವ್ವದ ಮೇಲೆ ನನಗೆ ತುಂಬಾ ಗೌರವ. ಬೆಂಗಳೂರಿನಲ್ಲಿ ಗೋಡೆ ಮೇಲೆ ಬರೆದದ್ದನ್ನು ಓದಿ, ಅರ್ಥ ಮಾಡಿಕೊಂಡು, ಅದರಂತೆ ನಡೆದುಕೊಂಡ ಪ್ರಜೆ ಅದೊಂದೇ. ‘ಇಲ್ಲಿ ಮೂತ್ರ ಮಾಡಬಾರದು’ ಅನ್ನುವ ಗೋಡೆಯ ಬುಡ ಬೇಸಿಗೆಯಲ್ಲೂ ಒದ್ದೆ. ‘ಕಸ ಹಾಕಿದರೆ ದಂಡ’ ಅನ್ನುವ ಬೋರ್ಡು ಇರುವುದೇ ಕಸ ಎಲ್ಲಿ ಹಾಕಬೇಕು ಅಂತ ಹೊಸಬರಿಗೆ ಗೊತ್ತಾಗಲಿ ಅಂತ.

ಆಮೇಲೆ 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದ. ದೆಹಲಿಯಲ್ಲಿ ಶುರುವಾದ ಸುದ್ದಿ ಅದೇ ದಿನ ದೇಶವೆಲ್ಲ ಹಬ್ಬಿತು. ವಾಟ್ಸಾಪ್ ಇಲ್ಲದ ಕಾಲ, ನೆನಪಿರಲಿ. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಚಮಚ ಹಿಡಿದರು. ಹಾಲು ಸೊಂಡಿಲಿಗೆ ತಾಗಿದ್ದೇ ಮೂರ್ತಿಯ ಮೈಮೇಲೆ ತೆಳ್ಳಗೆ ಹರಿದು ಕೆಳಗಿಳಿಯುವುದು ಕಂಡಿತು. ದ್ರವದ ಮೇಲ್ಮೈ ಎಳೆತ, ಅಷ್ಟೇ. ಗಲಾಟೆ ಬೇಗನೆ ತಣ್ಣಗಾಯಿತು. ಕಾರಣ ಗೊತ್ತಾದ ಮೇಲೆ ಪವಾಡ ಸುಮ್ನೆ ಎದ್ದು ಹೋಗಬೇಕು, ಅದು ಮರ್ಯಾದೆ. ಗಣಪತಿ ಮರ್ಯಾದಸ್ಥ.

ಬೆಳ್ಳಂದೂರು ಕೆರೆಗೆ ಈ ಮರ್ಯಾದೆ ಗೊತ್ತಿಲ್ಲ.

ಸುಮಾರು 900 ಎಕರೆಯ ಕೆರೆ ಅದು. 2015ರ ಮೇ ತಿಂಗಳಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಕೆರೆಯಿಂದ ಮತ್ತೆ ಹೊಗೆ ಎದ್ದಿತು. 2018ರ ಜನವರಿಯಲ್ಲಿ ಹತ್ತಿದಾಗ ಪಕ್ಕದ ಸೇನಾ ಕೇಂದ್ರದಿಂದ ಸಾವಿರಾರು ಸೈನಿಕರು ಓಡಿ ಬಂದರು. ಗಡಿ ಕಾಯಲು ಸೇರಿದವರು ಕೆರೆ ಆರಿಸಿದರು. ‘ಬೆಂಕಿ ಆರಿಸಲು ಏನು ಬಳಸುತ್ತೇವೆ?’ ಅಂತ ಶಾಲೆಯಲ್ಲಿ ಕೇಳಿದರೆ ಬೆಳ್ಳಂದೂರಿನ ಮಕ್ಕಳು ಏನು ಬರೀಬೇಕು ಹೇಳಿ. ‘ನೀರು’ ಅಂತ ಬರೆದರೆ, ‘ಯಾವ ನೀರು?’ ಅಂತ ಮೇಷ್ಟ್ರು ಮತ್ತೆ ಕೇಳಬೇಕಾಗುತ್ತದೆ.

ಬೆಂಕಿ ಇಲ್ಲದ ದಿನಗಳಲ್ಲಿ ನೊರೆ. ಆ ವರ್ಷಗಳಲ್ಲಿ ರಾತ್ರಿ ಮಳೆ ಸುರಿದರೆ ಬೆಳಿಗ್ಗೆ ಬೆಳ್ಳಂದೂರಿನ ನೀರು ಹರಿದು ಸೇರುವ ವರ್ತೂರು ಕೆರೆಯ ಕೋಡಿಯಲ್ಲಿ ನೋಡಬೇಕಿತ್ತು. ಕೋಡಿ ಹರಿದ ನೀರು ಕೆಳಗೆ ಬಿದ್ದು ಕದಡಿ, ಆಳೆತ್ತರದ ಬಿಳಿ ಗುಡ್ಡ ಏಳುತ್ತಿತ್ತು. ಗಾಳಿ ಬೀಸಿದರೆ ಅದರಿಂದ ದಿಂಬಿನಷ್ಟು ಮುದ್ದೆಗಳು ಕಿತ್ತುಕೊಂಡು ರಸ್ತೆಗೆ ಹಾರುತ್ತಿದ್ದವು. ಸ್ಕೂಟರಿನವನ ಹೆಲ್ಮೆಟ್ ಗಾಜಿಗೆ ಒಂದು ಮುದ್ದೆ ಬಂದು ಮೆತ್ತಿಕೊಂಡರೆ ಅವನು ಜರ್ಕಿನ್ ತೋಳಲ್ಲಿ ಒರೆಸಿ, ತೋಳು ಮೂಸಿ ನೋಡಿ, ಮುಖ ಹಿಂಡಿಕೊಂಡು ಮುಂದೆ ಹೋಗಬೇಕು. ಪಕ್ಕದಲ್ಲೇ ಕಾಲೇಜು ಹುಡುಗರು ಸೆಲ್ಫಿ ತೆಗೆಯುತ್ತಿದ್ದರು. ಫೋಟೋದಲ್ಲಿ ಸಾಕ್ಷಾತ್ ಮನಾಲಿ. ಫೋಟೋಗೆ ವಾಸನೆ ಬರಲ್ಲ, ಅಲ್ವಾ?

ಅಲ್ಲಿನ ಟೀ ಅಂಗಡಿಯವರನ್ನು ಕೇಳಿದ್ದೆ: “ಏನಣ್ಣ ಇದು?”

“ಸೋಪು ಸಾರ್. ನಿಮ್ಮನೇದೂ ಇರತ್ತೆ ಇದ್ರಲ್ಲಿ.”

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಶುದ್ಧ ಮಾಡದ ಕೊಳಚೆ, ಡಿಟರ್ಜೆಂಟು, ಅದರೊಳಗಿನ ಫಾಸ್ಫೇಟು. ಅಂದರೆ ಟೀ ಅಂಗಡಿಗೂ ಗೊತ್ತು, ಪ್ರಯೋಗಾಲಯಕ್ಕೂ ಗೊತ್ತು. ನಡುವೆ ಕೂತ ಕಚೇರಿಗಳಿಗೆ ಮಾತ್ರ ಇದು ನಿಗೂಢ. ಹಾಗಾಗಿ ಅವರು ಪವಾಡಕ್ಕೆ ತಕ್ಕ ಪರಿಹಾರ ಹುಡುಕಿದರು. ನೊರೆ ರಸ್ತೆಗೆ ಹಾರದಂತೆ ಪಕ್ಕದಲ್ಲಿ ಜಾಲರಿ ಕಟ್ಟಿದರು. ಹಾವಳಿ ಜಾಸ್ತಿಯಾದಾಗ ಸ್ಪ್ರಿಂಕ್ಲರ್ ಇಟ್ಟು ನೀರು ಚಿಮುಕಿಸಿದರು. ಹೌದು, ಕೆರೆಗೆ ನೀರು ಚಿಮುಕಿಸಿದರು. 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ ಹಾಕಿತು. ದಂಡದ ದುಡ್ಡು ಯಾರದು ಅಂತ ಕೇಳಬೇಡಿ. ಸೋಪಿನ ಥರ ಅದರಲ್ಲೂ ನಿಮ್ಮನೇದು ಇರತ್ತೆ.

ಅದೇ 2018ರಲ್ಲಿ ನಗರದ ಕೊಳಚೆಯನ್ನು ಶುದ್ಧ ಮಾಡಿ ಕೋಲಾರದ ಒಣಗಿದ ಕೆರೆಗಳಿಗೆ ಕಳಿಸುವ ಕೆ.ಸಿ. ವ್ಯಾಲಿ ಯೋಜನೆ ಶುರುವಾಯಿತು. ಸ್ವಲ್ಪ ದಿನಕ್ಕೇ ಲಕ್ಷ್ಮೀಸಾಗರ ಕೆರೆಯಲ್ಲೂ ನೊರೆ ಕಂಡಿತು. ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ಕೋಲಾರದವರಿಗೆ ರಾಜಧಾನಿ ಕೊಟ್ಟ ಮೊದಲ ಬಾಗಿನ.

ಉರಿಯುವ ಕೆರೆಯಾದರೂ ಕಣ್ಣಿಗೆ ಕಾಣುತ್ತದೆ. ಮಾಯವಾದವುಗಳ ಕಥೆ ಬೇರೆ. ಧರ್ಮಾಂಬುಧಿ ಇದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ. ಚಲ್ಲಘಟ್ಟ ಕೆರೆ ಇದ್ದಲ್ಲಿ ಗಾಲ್ಫ್. ಇಷ್ಟು ಕೆರೆ ನುಂಗಿ ಒಂದು ತೇಗೂ ಬಾರದ ಊರು ಇನ್ನೆಲ್ಲಿದೆ? ತೇಗು ಬಂದದ್ದು 2022ರ ಸೆಪ್ಟೆಂಬರಿನಲ್ಲಿ, ಮಳೆಗೆ ಬಡಾವಣೆಗಳು ಮುಳುಗಿದಾಗ. ಕೋಟಿಗಟ್ಟಲೆ ಕೊಟ್ಟು ವಿಲ್ಲಾ ಕೊಂಡವರು, ಕುತ್ತಿಗೆಗೆ ಐಡಿ ಕಾರ್ಡ್ ನೇತುಹಾಕಿಕೊಂಡ ಐಟಿಯವರು ಟ್ರ್ಯಾಕ್ಟರ್ ಹತ್ತಿ ಹೋದರು. ಇಷ್ಟೊಂದು ನೀರು ಎಲ್ಲಿಂದ ಬಂತು ಅಂತ ಟಿವಿಯಲ್ಲಿ ರಾತ್ರಿಯೆಲ್ಲ ಚರ್ಚೆ. ನೀರನ್ನು ಚರ್ಚೆಗೆ ಕರೆದಿದ್ದರೆ ಅದೂ ಒಂದು ಪ್ರಶ್ನೆ ಕೇಳುತ್ತಿತ್ತು: ನೀವೆಲ್ಲ ಎಲ್ಲಿಂದ ಬಂದಿರಿ?

ಇನ್ನು ರಸ್ತೆ. ಗುಂಡಿಗಳ ಬಗ್ಗೆ ನಾನು ಬರೆಯಲ್ಲ, ಅವು ನಿಗೂಢವೇ ಅಲ್ಲ, ನೆಂಟರು. ನಿಗೂಢ ಇರುವುದು ಗುಂಡಿ ಮುಚ್ಚುವುದರಲ್ಲಿ. 2022ರ ಜೂನಿನಲ್ಲಿ ಪ್ರಧಾನಿ ಬೆಂಗಳೂರಿಗೆ ಬಂದರು. ಅವರು ಬರುತ್ತಾರೆ ಅಂತ ಪಾಲಿಕೆ ಸುಮಾರು 23 ಕೋಟಿ ಖರ್ಚು ಮಾಡಿ ಡಾಂಬರು ಹಾಕಿಸಿತು. ಅವರು ಹೋದ ಕೆಲವೇ ದಿನಕ್ಕೆ ಡಾಂಬರೂ ಅಲ್ಲಲ್ಲಿ ಎದ್ದು ಹೊರಟಿತು. ಕೊನೆಗೆ ಪ್ರಧಾನಿ ಕಚೇರಿಯೇ ವರದಿ ಕೇಳಿತು.

ಡಾಂಬರು ಯಾಕೆ ಹೋಯಿತು ಅಂತ ಎಲ್ಲರೂ ಕೇಳಿದರು. ನನ್ನ ಪ್ರಶ್ನೆ, ಅದು ಹೇಗೆ ಬಂತು? ನಾವು ಅರ್ಜಿ ಮೇಲೆ ಅರ್ಜಿ ಕೊಟ್ಟಾಗ ಜಲ್ಲಿ ಇರಲ್ಲ, ರೋಲರ್ ಕೆಟ್ಟಿರುತ್ತದೆ, ಟೆಂಡರ್ ಆಗಿರಲ್ಲ, ಮಳೆ ನಿಂತಿರಲ್ಲ. ದೊಡ್ಡವರು ಬರುತ್ತಾರೆ ಅಂದ ಕೂಡಲೇ ಜಲ್ಲಿ, ರೋಲರ್, ಟೆಂಡರ್, ಬಿಸಿಲು ನಾಲ್ಕೂ ಒಂದೇ ರಾತ್ರಿಯಲ್ಲಿ ಹಾಜರ್.

ನಮ್ಮ ಏರಿಯಾದ ಹುಡುಗರಿಗೆ ಇದರ ಗುಟ್ಟು ಸಿಕ್ಕಿದೆ. ಈ ಸಲ ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಭಾರೀ ದೊಡ್ಡವರನ್ನೇ ಕರೆಸಬೇಕು ಅಂತ ಹಟ ಹಿಡಿದಿದ್ದಾರೆ. ಯಾರನ್ನಪ್ಪಾ ಅಂತ ಕೇಳಿದೆ.

“ಯಾರಾದ್ರೂ ಪರವಾಗಿಲ್ಲ ಸಾರ್. ಹಿಂದೆ ಮುಂದೆ ಒಂದು ಹತ್ತು ಕಾರು ಇರ್ಬೇಕು. ಹತ್ತೂ ಕೊನೇ ಕ್ರಾಸ್‌ವರೆಗೂ ಬರ್ಬೇಕು.”