ಪಾಸ್‌ವರ್ಡ್ ಸಾಹುಕಾರರ ಹತ್ರ, ಜಗಳ ಗಲ್ಲಾದ ಹತ್ರ

ನಮ್ಮ ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಕಡೆ ಬಟ್ಟೆ ಅಂಗಡಿಗೆ ಹೋಗಿ ಕಾರ್ಡ್ ದುಡ್ಡು ವಾಪಸ್ ಕೇಳಿ ನೋಡಿ. "ಏಳೆಂಟು ದಿನ ಆಗ್ತೈತಿ, ಬರ್ತೈತಿ ಹೋಗ್ರಿ" ಅಂತಾರೆ. ನಾನೂ ಇಂಥದೇ ಅಂಗಡಿಯಲ್ಲಿ ಗಲ್ಲಾ ನೋಡಿಕೊಳ್ಳುವವನು. ಎಷ್ಟೋ ಸಲ ಈ ಏಳೆಂಟು ದಿನಕ್ಕೆ ಕಾರಣ ಬ್ಯಾಂಕ್ ಅಲ್ಲ, ನಾವೇ.

ಬೆಳಿಗ್ಗೆ ಕಾರ್ಡ್ ಹಾಕಿ ಸೀರೆ ತಗೊಂಡವರು ಸಂಜೆಗೇ ವಾಪಸ್ ತಂದರೆ ರಿಫಂಡ್ ಮಾಡೋದೇ ಬೇಕಿಲ್ಲ. ಮಿಷನ್‌ನಲ್ಲಿ ವಾಯ್ಡ್ ಅಂತ ಇರುತ್ತೆ. ಅದೇ ಮಿಷನ್‌ನಲ್ಲಿ ಬೆಳಗಿನ ಸ್ಲಿಪ್ ಮೇಲಿರೋ ಇನ್‌ವಾಯ್ಸ್ ನಂಬರ್ ಒತ್ತಿದರೆ ಆ ವ್ಯವಹಾರವೇ ರದ್ದು. ದುಡ್ಡು ಇನ್ನೂ ನಮ್ಮ ಖಾತೆಗೆ ಬಂದಿರಲ್ಲ, ಹಾಗಾಗಿ ಬೇಗ ಬಗೆಹರಿಯುತ್ತೆ. ಎರಡು ಸೀರೇಲಿ ಒಂದನ್ನಷ್ಟೇ ತಂದರೆ? ಪೂರ್ತಿ ವಾಯ್ಡ್ ಮಾಡಿ, ಉಳಿದಿದ್ದಕ್ಕೆ ಹೊಸದಾಗಿ ಕಾರ್ಡ್ ಹಾಕೋದು.

ದಿನದ ಸೆಟ್ಲ್‌ಮೆಂಟ್, ಅಂದ್ರೆ ಆ ದಿನದ ಕಾರ್ಡ್ ಲೆಕ್ಕವೆಲ್ಲ ಮಿಷನ್‌ನಿಂದ ಬ್ಯಾಂಕಿಗೆ ಹೋಗೋದು, ಆಗಿಬಿಟ್ಟರೆ ಮಾತ್ರ ರಿಫಂಡ್. ಆಗ ನಮ್ಮ ಬ್ಯಾಂಕ್, ವೀಸಾನೋ ರುಪೇನೋ, ಆಮೇಲೆ ಗಿರಾಕಿ ಬ್ಯಾಂಕ್, ಇಷ್ಟು ದಾಟಿ ಹೋಗಬೇಕು. ದಿನಗಳು ಹಿಡಿಯೋದು ಅಲ್ಲೇ.

ಈಗ ನಮ್ಮ ಕಥೆ ಕೇಳಿ. ವಾಯ್ಡ್ ಒತ್ತಿದರೆ ಮಿಷನ್ ಪಾಸ್‌ವರ್ಡ್ ಕೇಳುತ್ತೆ. ಅದು ಸಾಹುಕಾರರಿಗೆ ಮಾತ್ರ ಗೊತ್ತು. ಅವರು ಮದುವೆಗೆ ಹರಿಹರಕ್ಕೆ ಹೋಗಿರ್ತಾರೆ, ಫೋನ್ ಎತ್ತಲ್ಲ. "ನಾಳೆ ಬರ್ರಿ ಅಕ್ಕಾರೆ" ಅಂತ ಹುಡುಗ ಕಳಿಸ್ತಾನೆ. ರಾತ್ರಿ ಮಿಷನ್ ತಾನಾಗೇ ಸೆಟ್ಲ್ ಆಗಿಬಿಡುತ್ತೆ. ಸಂಜೆ ಒಂದು ನಿಮಿಷದ ಕೆಲಸ ಆಗಿದ್ದದ್ದು ಬೆಳಗಾಗೋದರಲ್ಲಿ ವಾರದ ಕೆಲಸ. ದುಗ್ಗಮ್ಮನ ಜಾತ್ರೆ ಹೊತ್ತಲ್ಲಂತೂ ಗಲ್ಲಾದ ಮುಂದೆ ನಿಲ್ಲೋಕಾಗಲ್ಲ.

ಸಾಹುಕಾರರ ಭಯ ಸುಳ್ಳು ಅನ್ನಲ್ಲ. ಹುಡುಗ ತನ್ನ ಕಾರ್ಡಿಗೇ ರಿಫಂಡ್ ಹೊಡ್ಕೊಂಡರೆ ಅನ್ನೋ ಚಿಂತೆ ಅವರಿಗೆ. ಆದರೆ ವಾಯ್ಡ್ ಆದ ದುಡ್ಡು ಯಾವ ಕಾರ್ಡಿಂದ ಬಂತೋ ಅದಕ್ಕೇ ಹೋಗುತ್ತೆ, ಬೇರೆ ಕಡೆ ತಿರುಗಿಸೋಕೆ ಬರಲ್ಲ. ದಿನದ ರಿಪೋರ್ಟ್‌ನಲ್ಲೂ ಕಾಣುತ್ತೆ. ಸಾಹುಕಾರರೇ, ರಿಫಂಡ್ ನಿಮ್ಮ ಕೈಯಲ್ಲೇ ಇರಲಿ, ವಾಯ್ಡ್ ಗಲ್ಲಾದವರಿಗೆ ಬಿಟ್ಟುಕೊಡಿ.

ಇನ್ನು ಕೆಲವು ಗಿರಾಕಿಗಳು, "ಕಾರ್ಡ್ ಗೀರ್ಡ್ ಬೇಡಣ್ಣ, ಕ್ಯಾಶೇ ಕೊಟ್ಬಿಡು" ಅಂತಾರೆ. ಕೊಡೋದು ಸುಲಭ. ಆದರೆ ಬ್ಯಾಂಕಿನ ಲೆಕ್ಕದಲ್ಲಿ ಆ ವ್ಯಾಪಾರ ಹಾಗೇ ನಿಂತಿರುತ್ತೆ. ನಾಳೆ ಅವರೇ ಬ್ಯಾಂಕಿಗೆ ತಕರಾರು ಹಾಕಿದರೆ ಅಂಗಡಿಗೆ ಎರಡು ಸಲ ಹೊಡೆತ. ಎಷ್ಟೇ ಪರಿಚಯದವರಾದರೂ ಇದಕ್ಕೆ ನಾನು ಒಪ್ಪಲ್ಲ.

ಗಿರಾಕಿಗಳಿಗೂ ಒಂದು ಮಾತು. ರಿಫಂಡ್ ಸ್ಲಿಪ್ ಕೇಳಿ ಇಸ್ಕೊಳ್ಳಿ, ಅಲ್ಲೇ ಫೋಟೋ ಹೊಡ್ಕೊಳ್ಳಿ. ಆ ಕಾಗದದ ಅಕ್ಷರ ಪರ್ಸ್‌ನಲ್ಲೇ ಮಾಸಿಹೋಗುತ್ತೆ. ಅದರಲ್ಲಿ ಆರ್‌ಆರ್‌ಎನ್ ಅಂತ 12 ಅಂಕಿಯ ನಂಬರ್ ಇರುತ್ತೆ. ಬ್ಯಾಂಕಿನವರು ಹುಡುಕೋದು ಅದರಿಂದಲೇ. ಸುಮ್ನೆ "ಅಂಗಡಿಯವರು ಹಾಕಿದ್ದಾರಂತೆ" ಅಂದರೆ ಅವರಾದರೂ ಏನು ಮಾಡ್ತಾರೆ?

ಖಾತೆಯಿಂದ ದುಡ್ಡು ಹೋಗಿ, ಮಿಷನ್‌ನಲ್ಲಿ ಸ್ಲಿಪ್ಪೇ ಬರದಿದ್ದರೆ ಅದು ಬೇರೆ ವಿಷಯ. ಅದನ್ನು ವಾಪಸ್ ಮಾಡೋದು ನಮ್ಮ ಕೈಯಲ್ಲಿಲ್ಲ. ಆರ್‌ಬಿಐನ 2019ರ ನಿಯಮದ ಪ್ರಕಾರ ವ್ಯವಹಾರ ಆದ 5 ದಿನದೊಳಗೆ ಅದು ತಾನಾಗೇ ವಾಪಸ್ ಬರಬೇಕು. ಆಮೇಲೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ. ನಮ್ಮ ಹುಡುಗನ ಜೊತೆ ಕೂಗಾಡಬೇಡಿ, ಕಾರ್ಡ್ ಕೊಟ್ಟ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನ ಆದರೂ ಉತ್ತರ ಬರಲಿಲ್ವಾ, ಬ್ಯಾಂಕ್ ಮೇಲಿನ ದೂರು ಕೇಳೋಕೆ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ.