ತಲೆ ಕಡಿಸಿಕೊಂಡ ಓಕ್ ಮರಗಳು

ಊರಿಂದ ಯಾರಾದ್ರೂ ಲಂಡನ್ನಿಗೆ ಬಂದ್ರೆ ಲಂಡನ್ ಐ, ಬಿಗ್ ಬೆನ್, ಆಮೇಲೆ ಲ್ಯಾಂಬೆತ್ ಹತ್ರ ಥೇಮ್ಸ್ ದಡದಲ್ಲಿರೋ ನಮ್ಮ ಬಸವಣ್ಣನ ಪ್ರತಿಮೆ, ಇಷ್ಟು ತೋರಿಸಿದ್ರೆ ಡ್ಯೂಟಿ ಮುಗೀತು ಅಂತ ಲೆಕ್ಕ. ನಾನು ಮಾತ್ರ ಹಠ ಹಿಡಿದು ಲಂಡನ್ನಿನ ನೈಋತ್ಯಕ್ಕಿರೋ ರಿಚ್ಮಂಡ್‌ಗೆ ಕರ್ಕೊಂಡು ಹೋಗ್ತೀನಿ, ಮರ ನೋಡೋಕೆ. ಮರಾನಾ ಅಂತ ಮುಖ ಮುಖ ನೋಡ್ಕೋತಾರೆ. ಜಿಂಕೇನೂ ಇದಾವೆ ಅಂದ್ಮೇಲೆ ಶೂ ಹಾಕ್ಕೋತಾರೆ.

ಮೊದ್ಲು ನದಿ, ಅದೇ ಥೇಮ್ಸ್. ಸಮುದ್ರ ಎಲ್ಲೋ ಇದೆ, ಆದ್ರೂ ಉಬ್ಬರ ಇಲ್ಲೀವರೆಗೂ ಬರುತ್ತೆ, ರಿಚ್ಮಂಡ್ ದಾಟಿ ಟೆಡಿಂಗ್ಟನ್ ಲಾಕ್ ಅನ್ನೋ ಅಡ್ಡಗಟ್ಟೆ ಹತ್ರ ಹೋಗಿ ನಿಲ್ಲುತ್ತೆ. ಲಂಡನ್ ಬ್ರಿಜ್‌ನಲ್ಲಿ ನೀರು ತುಂಬಿದ ಸುಮಾರು ಒಂದು ಗಂಟೆಗೆ ಇಲ್ಲಿ ತುಂಬುತ್ತೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ದಡದ ರಸ್ತೆ ಮೇಲೇ ನೀರು, ಬೋರ್ಡ್ ಓದದೆ ಪಾರ್ಕ್ ಮಾಡಿದವರ ಕಾರು ಅದರಲ್ಲಿ ಚಕ್ರ ಮುಳುಗಿಸ್ಕೊಂಡು ನಿಂತಿರುತ್ತೆ. ಬಯಲುಸೀಮೆಯವನಾದ ನನಗೆ ನದಿ ಉಲ್ಟಾ ಹರಿಯೋದನ್ನ ಎಷ್ಟು ನೋಡಿದ್ರೂ ಸಾಕಾಗಲ್ಲ. ಕುಂದಾಪುರದ ಗೆಳೆಯ ಒಬ್ಬ ಇದಾನೆ, "ಇದೆಂತ ಮಾರಾಯ, ನಮ್ಮಲ್ಲಿ ದಿನಾ ಬರುತ್ತೆ" ಅಂದು ಫೋನ್ ನೋಡ್ತಾ ನಿಂತ. ಹಿಂದೆ ಹಳೇ ಲಂಡನ್ ಬ್ರಿಜ್‌ನ ಇಕ್ಕಟ್ಟಾದ ಕಮಾನುಗಳೇ ನೀರನ್ನ ತಡೆ ಹಿಡೀತಿದ್ವು, 1830ರ ದಶಕದ ಶುರುವಲ್ಲಿ ಅದನ್ನ ಕೆಡವಿದ್ರು, ಆಮೇಲೆ ಇಳಿತದ ಹೊತ್ತಿಗೆ ರಿಚ್ಮಂಡಲ್ಲಿ ನದಿ ಅನ್ನೋದು ಕೆಸರಿನ ಮಧ್ಯೆ ಒಂದು ಕಾಲುವೆ ಥರ ಆಗ್ತಿತ್ತು, ಜನ ಗಲಾಟೆ ಮಾಡಿ ಮಾಡಿ ಕೊನೆಗೆ 1894ರಲ್ಲಿ ಇಲ್ಲಿಗೆ ನೀರು ತಡೆ ಹಿಡಿಯೋ ಒಂದು ಗೇಟು ಬಂತು.

ಗುಡ್ಡ ಹತ್ತಿದ್ರೆ ಪಾರ್ಕು, ಸುಮಾರು 2,500 ಎಕರೆ. ಒಂದನೇ ಚಾರ್ಲ್ಸ್ ರಾಜ ಬೇಟೆ ಆಡೋಕೆ ಅಂತ 1637ರಲ್ಲಿ ಸುತ್ತ ಗೋಡೆ ಕಟ್ಟಿಸಿದ್ದು. ಎಷ್ಟೋ ಓಕ್‌ಗಳು ಆ ಗೋಡೆಗಿಂತ ಹಳೇವು. ರಾಯಲ್ ಓಕ್ ಅನ್ನೋ ಮರಕ್ಕೆ ಸುಮಾರು 750 ವರ್ಷ ಅಂತಾರೆ, ಅಂದ್ರೆ ಇದು ಮೊಳೆತಾಗ ಸೋಮನಾಥಪುರದ ದೇವಸ್ಥಾನ ಇನ್ನೂ ಹೊಸದು.

ಇವು ಇಷ್ಟು ದಿನ ಬದುಕಿರೋದಕ್ಕೆ ಒಂದು ಕಾರಣ ತಲೆ ಕಡಿಸ್ಕೊಂಡಿರೋದು. ಜಿಂಕೆ ಬಾಯಿಗೆ ಎಟುಕದಷ್ಟು ಎತ್ತರದಲ್ಲಿ ಕೊಂಬೆಗಳನ್ನ ಸೌದೆಗೆ ಅಂತ ಕಡೀತಿದ್ರು, ಅಲ್ಲಿಂದ ಹೊಸದು ಚಿಗುರ್ತಿತ್ತು, ಮತ್ತೆ ಕಡೀತಿದ್ರು. ಮರ ಕುಳ್ಳಗೆ ದಪ್ಪಗೆ ಉಳೀತು, ಗಾಳಿಗೆ ಬೀಳಲಿಲ್ಲ. ಗೋಡೆ ಕಟ್ಟಿಸಿದ ರಾಜನ ತಲೇನೂ 1649ರಲ್ಲಿ ಕಡಿದ್ರು, ಅವನಿಗೆ ಚಿಗುರೋ ಸೌಕರ್ಯ ಇರಲಿಲ್ಲ ಪಾಪ.

ನಮ್ಮ ಕೇತೋಹಳ್ಳಿಯ ದೊಡ್ಡಾಲದ ಮರ ವಯಸ್ಸಾದಂಗೆ ಬಿಳಲು ಬಿಟ್ಟು ಬಿಟ್ಟು ಎಕರೆಗಟ್ಟಲೆ ಹರಡ್ಕೊಂಡಿದೆ, ಬುಡದ ಮೂಲ ಕಾಂಡವೇ ಹೋದ್ರೂ ಮಿಕ್ಕವು ನಡೆಸ್ಕೊಂಡು ಹೋಗ್ತಿವೆ. ಓಕ್ ಹಂಗಲ್ಲ. ರಿಟೈರಾದ ಮೇಷ್ಟ್ರು ಪೆನ್ಷನ್ನಿಗೆ ತಕ್ಕಂಗೆ ಖರ್ಚು ಕಮ್ಮಿ ಮಾಡ್ಕೊಂಡಂಗೆ, ತುದಿ ಕೊಂಬೆಗಳಿಗೆ ನೀರು ಕಳಿಸೋದು ನಿಲ್ಲಿಸಿ ಕೆಳಗಡೆ ಚಿಕ್ಕದಾಗಿ ಸಂಸಾರ ಮಾಡುತ್ತೆ. ಮೇಲೆ ಒಣಗಿದ ಕೊಂಬೆಗಳು ಜಿಂಕೆ ಕೊಂಬಿನ ಥರಾನೇ ಕಾಣ್ತವೆ, ನೋಡಿದವರು ಮರ ಸತ್ತೋಯ್ತು ಅನ್ಕೋತಾರೆ. ಒಳಗೆ ಪೊಟರೆ ಇದ್ರೂ ತೊಂದ್ರೆ ಇಲ್ಲ, ಶಿಲೀಂಧ್ರ ತಿಂದಿರೋದು ಮೊದ್ಲೇ ಸತ್ತಿದ್ದ ಮಧ್ಯದ ತಿರುಳನ್ನ, ಜೀವ ಇರೋದು ತೊಗಟೆ ಕೆಳಗಿನ ಪದರದಲ್ಲಿ.

ತುಮಕೂರಿಂದ ಬಂದಿದ್ದ ನಮ್ಮತ್ತೆ ಇದೆಲ್ಲಾ ಕೇಳಿಸ್ಕೊಂಡ್ರೋ ಇಲ್ವೋ, ಅವರ ಕಣ್ಣು ಬಿದ್ದಿದ್ದು ನೆಲದ ಮೇಲಿದ್ದ ಕೊಂಬೆಗಳ ಮೇಲೆ. "ಇಷ್ಟೊಂದು ಸೌದೆ ಸುಮ್ನೆ ಬಿದ್ದಿದೆಯಲ್ಲೋ, ಒಂದು ಮದ್ವೆ ಅಡಿಗೆ ಆಗುತ್ತೆ!" ಬೇಕಂತಲೇ ಬಿಟ್ಟಿರೋದು ಅತ್ತೆ, ಸ್ಟ್ಯಾಗ್ ಬೀಟಲ್ ಅಂತ ದೊಡ್ಡ ಕೊಂಬಿನ ದುಂಬಿ, ಅದರ ಮರಿಹುಳ ಕೊಳೆತ ಮರದಲ್ಲೇ ವರ್ಷಗಟ್ಟಲೆ ಇರುತ್ತೆ, ಅದಕ್ಕೇ ಯಾರೂ ಎತ್ತಂಗಿಲ್ಲ ಅಂದೆ.

"ಹುಳಕ್ಕಾ?"

ಆಮೇಲೆ ಮರದ ಸುತ್ತ ಒಂದು ರೌಂಡ್ ಹಾಕಿ, ಇಷ್ಟು ಹಳೇ ಮರಕ್ಕೆ ಒಂದು ಕಟ್ಟೆ ಕಟ್ಟಿಸೋ ಯೋಗ್ಯತೆ ಇಲ್ವಾ ಇವರಿಗೆ, ಕೂರೋದೆಲ್ಲಿ ಅಂದ್ರು. ಬುಡದಲ್ಲಿ ಜನ ಓಡಾಡಿದ್ರೆ ಮಣ್ಣು ಗಟ್ಟಿಯಾಗುತ್ತೆ, ಬೇರಿಗೆ ಗಾಳಿ ನೀರು ಇಳಿಯಲ್ಲ, ಬೆಂಚು ಅಲ್ಲಿದೆ ನೋಡಿ ಅಂತ ತೋರಿಸ್ದೆ. ಅಷ್ಟು ದೂರ ನನ್ನ ಮಂಡಿ ಬರಲ್ಲ, ಫ್ಲಾಸ್ಕ್ ತೆಗಿ, ನಿಂತ್ಕೊಂಡೇ ಕುಡಿಯೋಣ ಅಂದ್ರು.