ನೆಟ್ ಒಳಗೆ ಉಳಿದ ಮರಿ

ಹದಿನೈದು ದಿನದ ಹಿಂದೆ ನಮ್ಮ ಬಿಲ್ಡಿಂಗ್‌ನಲ್ಲಿ ಪೈಪು ಇಳಿಯೋ ಡಕ್ಟಿಗೆ ನೆಟ್ ಹೊಡೆಸಿದ್ರು, ಪಾರಿವಾಳದ ಕಾಟ ಅಂತ. ಮರುದಿನ ಬೆಳಿಗ್ಗೆಯಿಂದ ಒಂದು ಪಾರಿವಾಳ ಹೊರಗಿಂದ ಬಂದು ಬಂದು ಆ ನೆಟ್ಟಿಗೇ ಬಡ್ಕೊಳ್ತಾ ಇತ್ತು, ಏನಪ್ಪಾ ಅಂತ ಬಾತ್‌ರೂಮ್ ಕಿಟಕಿಯಿಂದ ಇಣುಕಿದ್ರೆ ಪೈಪಿನ ಮೂಲೇಲಿ ಗೂಡು. ಗೂಡು ಅಂದ್ರೆ ನಾಲ್ಕು ಹಿಡಿಕಡ್ಡಿ, ಒಂದು ತುಂಡು ವೈರು, ಅದರ ಮೇಲೆ ಹಳದಿ ಕೂದಲಿನ ಎರಡು ಮರಿ. ಒಂದು ಆಗ್ಲೇ ಸತ್ತಿತ್ತು.

ಇನ್ನೊಂದಕ್ಕೆ ಗಂಜಿ ಕೊಟ್ಟು ನೋಡಿದೆ, ಬಾಯೇ ತೆಗೀಲಿಲ್ಲ. ಆಮೇಲೆ ಗೊತ್ತಾಯ್ತು, ತಾಯಿ ತಂದೆ ಇಬ್ಬರ ಗಂಟಲ ಚೀಲದಲ್ಲೂ ಹಾಲಿನಂಥದ್ದು ತಯಾರಾಗ್ತದೆ, ಮರಿ ತನ್ನ ಕೊಕ್ಕನ್ನ ಅವುಗಳ ಬಾಯೊಳಗೆ ತೂರಿಸಿ ಅದನ್ನೇ ಕುಡಿಯೋದು. ಕತ್ತರಿ ತಗೊಂಡು ನೆಟ್ಟನ್ನ ಒಂದು ಗೇಣು ಕತ್ತರಿಸಿಬಿಟ್ಟೆ. ಹತ್ತು ನಿಮಿಷದಲ್ಲಿ ಬಂತು ನೋಡಿ ಒಳಗೆ!

ನೆಟ್ ಹಾಕಿಸಿದವರದ್ದು ತಪ್ಪು ಅಂತ ಹೇಳ್ತಿಲ್ಲ. ಕೆಳಗಿನ ಮನೆ ಅಜ್ಜಿಗೆ ಮೊದಲೇ ದಮ್ಮು, ಒಣಗಿದ ಹಿಕ್ಕೆ ಪುಡಿಯಾಗಿ ಗಾಳೀಲಿ ಸೇರಿದ್ರೆ ಕೆಲವರಿಗೆ ಅಲರ್ಜಿಯಾಗಿ ವರ್ಷಗಟ್ಟಲೆಯಲ್ಲಿ ಶ್ವಾಸಕೋಶವೇ ಹಾಳಾಗ್ತದೆ, ಅದು ಸುಳ್ಳಲ್ಲ. ಮುಂಬೈನಲ್ಲಿ ಇದೇ ಕಾರಣಕ್ಕೆ 2025ರಲ್ಲಿ ದಾದರ್ ಕಬೂತರ್‌ಖಾನಾಕ್ಕೆ, ಅಂದ್ರೆ ಪಾರಿವಾಳಕ್ಕೆ ಕಾಳು ಹಾಕೋ ಜಾಗಕ್ಕೆ, ಟಾರ್ಪಾಲಿನ್ ಹಾಕಿ ಮುಚ್ಚಿದ್ರು, ಕಾಳು ಹಾಕೋರು ಬಂದು ಅದನ್ನ ಕಿತ್ತು ಹಾಕಿದ್ರು. ಕಾರವಾರದಲ್ಲಿ ಅಷ್ಟು ದೊಡ್ಡ ಜಗಳ ಆಗಿಲ್ಲ, ಆದ್ರೆ ಒಂದೊಂದು ಬಿಲ್ಡಿಂಗ್‌ನಲ್ಲೂ ಸಣ್ಣದಾಗಿ ಇದೇ ನಡೀತಿದೆ. ಮೇಲಿನ ಮನೆಯವರು ಪುಣ್ಯ ಅಂತ ದಿನಾ ಅಕ್ಕಿ ಚೆಲ್ತಾರೆ, ಹಿಕ್ಕೆ ಬೀಳೋದು ಕೆಳಗಿನವರ ಒಣಗಿದ ಬಟ್ಟೆ ಮೇಲೆ. ದಯವಿಟ್ಟು ಅಕ್ಕಿ ಹಾಕ್ಬೇಡಿ ಮಾರಾಯ್ರೆ. ಸುಲಭವಾಗಿ ಕಾಳು ಸಿಕ್ಕಿದ್ರೆ ಅವು ವರ್ಷಪೂರ್ತಿ ಮೊಟ್ಟೆ ಇಡ್ತವೆ, ಆಮೇಲೆ ಅದೇ ಮರಿಗಳನ್ನ ಕೋಲು ಹಾಕಿ ಕೆಡಗೋದು ನಾವೇ.

ಇವುಗಳ ಮೂಲ ಜಾತಿ ಗೂಡು ಕಟ್ಟೋದು ಬಂಡೆಯ ಸಂದೀಲಿ, ನಮ್ಮ ಸಿಮೆಂಟ್ ಗೋಡೆ ಅದಕ್ಕೆ ಬಂಡೆ ಥರಾನೇ ಕಾಣ್ತದೆ. ಮುರ್ಡೇಶ್ವರದ ಆಚೆ ಸಮುದ್ರದಲ್ಲಿರೋ ನೇತ್ರಾಣಿ ದ್ವೀಪಕ್ಕೆ ಪಿಜನ್ ಐಲ್ಯಾಂಡ್ ಅಂತಲೇ ಇನ್ನೊಂದು ಹೆಸರು, ಅಂದ್ರೆ ಈ ಕರಾವಳಿಗೆ ಪಾರಿವಾಳ ಹೊಸದೇನಲ್ಲ. ನೆಟ್ ಹಾಕಿ, ಬೇಡ ಅನ್ನಲ್ಲ, ಹಾಕೋ ಮುಂಚೆ ಟಾರ್ಚ್ ಹಿಡಿದು ಒಳಗೆ ಒಂದ್ಸಲ ನೋಡಿ. ಮೊಟ್ಟೆ ಇದ್ರೆ 18 ದಿನ ಕಾವು, ಆಮೇಲೆ ಸುಮಾರು ಒಂದು ತಿಂಗಳು ಮರಿ ಗೂಡಲ್ಲಿ. ಅಷ್ಟು ಕಾಯೋಕಾಗಲ್ವಾ ನಮಗೆ?

ಉಳಿದ ಆ ಒಂದು ಮರಿಗೆ ಈಗ ರೆಕ್ಕೆ ಬಲೀತಾ ಇದೆ. ಬೈತಖೋಲ ಮೀನುಗಾರಿಕೆ ಬಂದರಿನ ಗೆಳೆಯನ ಹತ್ರ ಬಲೆ ಹೊಲಿಯೋ ದಾರ ಇಸ್ಕೊಂಡು ಬಂದು ಇಟ್ಟಿದ್ದೇನೆ, ಅದು ಹಾರಿದ ದಿನ ಆ ತೂತನ್ನ ನಾನೇ ಹೊಲೀತೇನೆ.